ಸಿಸೇರಿಯನ್‌ಗೆ ಎಪಿಡ್ಯೂರಲ್: ಯಾವ ಮದ್ದು, ಎಷ್ಟು, ಯಾವ ಕ್ರಮದಲ್ಲಿ

ಹೆರಿಗೆ ನೋವಿಗೆಂದು ಹಾಕಿದ ಎಪಿಡ್ಯೂರಲ್ ಕೆಥೆಟರ್ (ಬೆನ್ನುಹುರಿಯ ಪೊರೆಯ ಹೊರಗಿನ ಜಾಗಕ್ಕೆ ಮದ್ದು ಹರಿಸುವ ಸಣ್ಣ ನಳಿಕೆ) ಬೆನ್ನಲ್ಲಿರುವಾಗಲೇ ಸಿಸೇರಿಯನ್ ಮಾಡಬೇಕಾಗಿ ಬಂದರೆ ಮತ್ತೆ ಸೂಜಿ ಚುಚ್ಚಬೇಕಾಗಿಲ್ಲ. ಅದೇ ಕೆಥೆಟರ್‌ನಲ್ಲಿ ಹೆಚ್ಚು ಶೇಕಡಾವಾರಿನ ಮದ್ದು ಕೊಟ್ಟು ಹತ್ತು ಹದಿನೈದು ನಿಮಿಷದೊಳಗೆ ತಾಯಿಯನ್ನು ಆಪರೇಷನ್‌ಗೆ ಸಿದ್ಧ ಮಾಡಬಹುದು. ಯಾವ ಮದ್ದಿಗೆ ಯಾವುದನ್ನು ಬೆರೆಸಬೇಕು ಅನ್ನುವುದು ಎರಡೇ ಸಂಗತಿಯ ಮೇಲೆ ನಿಂತಿದೆ: ಕೈಯಲ್ಲಿ ಎಷ್ಟು ನಿಮಿಷ ಇದೆ, ಆ ಕೆಥೆಟರ್ ಇಲ್ಲಿವರೆಗೆ ಹೇಗೆ ಕೆಲಸ ಮಾಡಿದೆ. ಎರಡನೆಯದನ್ನು ಮರೆತವರೇ ಹೆಚ್ಚಾಗಿ ಕಷ್ಟಕ್ಕೆ ಸಿಕ್ಕುತ್ತಾರೆ. ಮದ್ದು ಸರಿಯಿದ್ದೂ ಕೆಥೆಟರ್ ಸರಿಯಿಲ್ಲದಿದ್ದರೆ ಯಾವ ಮಿಶ್ರಣವೂ ಕೈ ಹಿಡಿಯುವುದಿಲ್ಲ.

ಇಲ್ಲಿರುವುದು ಕೊಡಗಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಅರಿವಳಿಕೆ ವೈದ್ಯರು, ತರಬೇತಿಯಲ್ಲಿರುವವರು, ಓಟಿ ಸಿಸ್ಟರ್‌ಗಳು ಮತ್ತು ಟೆಕ್ನಿಷಿಯನ್‌ಗಳಿಗೆ ಬೇಕಾದ ವಿವರ. ಅರಿವಳಿಕೆಯಲ್ಲಿ ತರಬೇತಿ ಪಡೆದ ವೈದ್ಯರು ಪಕ್ಕದಲ್ಲಿಲ್ಲದೆ ಇದರಲ್ಲಿ ಒಂದು ಮಿ.ಲೀ. ಕೂಡ ಕೊಡಬಾರದು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಲ್ಲಾದರೂ ಸರಿ, ರಾತ್ರಿ ಪಾಳಿಯಲ್ಲಿ ಸಹಾಯಕ್ಕೆ ಇನ್ನೊಬ್ಬ ಅರಿವಳಿಕೆ ವೈದ್ಯರು ಸಿಗುತ್ತಾರೆಂದು ನಂಬುವ ಹಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಸಂಪಾಜೆ ಘಾಟಿಯ ರಸ್ತೆಯನ್ನೂ ನಂಬುವ ಹಾಗಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಅದು ಪೂರ್ತಿ ಮುಚ್ಚಿತ್ತು. ಹಾಗಾಗಿ ಇಲ್ಲಿ ಕೆಲಸ ಮಾಡುವವರು ಕೆಥೆಟರ್ ಬಗ್ಗೆ ಹೆರಿಗೆ ಕೋಣೆಯಲ್ಲಿರುವಾಗಲೇ ತೀರ್ಮಾನ ಮಾಡಿಬಿಡುವುದು ಒಳ್ಳೆಯದು.

ಮೊದಲೇ ಯೋಜಿಸಿದ ಸಿಸೇರಿಯನ್‌ಗೆ ಸ್ಪೈನಲ್ (ಬೆನ್ನುಹುರಿಯ ಸುತ್ತಲಿನ ನೀರಿಗೇ ಒಂದು ಸಲ ಚುಚ್ಚಿ ಕೊಡುವ ಮದ್ದು) ಸಾಕು, ಅದೇ ಸುಲಭ. ಎಪಿಡ್ಯೂರಲ್ ಬೇಕಾಗುವುದು ಕೆಥೆಟರ್ ಮೊದಲೇ ಇದ್ದಾಗ, ಬಿಪಿ ಒಮ್ಮೆಲೇ ಇಳಿಯಬಾರದ ಹೃದಯದ ಕಾಯಿಲೆ ಇದ್ದಾಗ, ಅಥವಾ ಹಿಂದಿನ ಆಪರೇಷನ್‌ಗಳಿಂದ ಒಳಗೆ ಅಂಟಿಕೊಂಡು ಶಸ್ತ್ರಚಿಕಿತ್ಸೆ ಲಂಬಿಸಬಹುದು ಅನಿಸಿದಾಗ.

ಮೊದಲು ಕೆಥೆಟರ್ ನೋಡಿ

ಹೆರಿಗೆ ನೋವಿಗೆ ಸಾಮಾನ್ಯವಾಗಿ ಶೇ. 0.1 ಬುಪಿವಕೇನ್ (ಸ್ಥಳೀಯ ಅರಿವಳಿಕೆ) ಜೊತೆ ಮಿ.ಲೀ.ಗೆ 2 ಮೈಕ್ರೋಗ್ರಾಂ ಫೆಂಟನಿಲ್ (ನೋವಿನ ಮದ್ದು) ಓಡುತ್ತಿರುತ್ತದೆ. ಈ ಅವಧಿಯಲ್ಲಿ ನೋವು ಮತ್ತೆ ಮತ್ತೆ ಬಂದು ಎರಡು ಮೂರು ಸಲ ಹೆಚ್ಚುವರಿ ಡೋಸ್ ಕೊಡಬೇಕಾಗಿ ಬಂದಿದ್ದರೆ, ಅಥವಾ ಒಂದೇ ಕಾಲು ಜೋಮು ಹಿಡಿದಿದ್ದರೆ, ಆ ಕೆಥೆಟರ್ ಸಿಸೇರಿಯನ್‌ಗೆ ಆಗುವುದು ಅನುಮಾನ. ಒಂದು ಬದಿ ಮಾತ್ರ ಹಿಡಿದಿದ್ದರೆ ಕೆಥೆಟರನ್ನು ಒಂದು ಸೆಂ.ಮೀ. ಹೊರಗೆಳೆದು ಮತ್ತೆ ಕೊಟ್ಟು ನೋಡಿ. ಒಳಗೆ 4ರಿಂದ 5 ಸೆಂ.ಮೀ. ಇರಬೇಕು, ಅದಕ್ಕಿಂತ ಉದ್ದ ಬಿಟ್ಟಿದ್ದರೆ ತುದಿ ಪಕ್ಕಕ್ಕೆ ಜಾರಿರುವುದೇ ಹೆಚ್ಚು. ಇದರಿಂದಲೂ ಸರಿಹೋಗದಿದ್ದರೆ, ಮಗುವಿನ ಎದೆಬಡಿತ ಚೆನ್ನಾಗಿರುವಾಗಲೇ ತೆಗೆದು ಹೊಸದು ಹಾಕಿ. ನಡುರಾತ್ರಿ ತುರ್ತು ಬಂದ ಮೇಲೆ ಈ ಯೋಚನೆ ಮಾಡಲು ಸಮಯ ಇರುವುದಿಲ್ಲ.

ಚರ್ಮದ ಬಳಿ ಕೆಥೆಟರ್ ಎಷ್ಟು ಸೆಂ.ಮೀ. ಗುರುತಿನಲ್ಲಿದೆ ಅನ್ನುವುದನ್ನು ಕೇಸ್ ಶೀಟ್‌ನಲ್ಲಿ ಬರೆದಿಡಿ. ಮಳೆಗಾಲದ ತೇವಕ್ಕೂ ಬೆವರಿಗೂ ಪ್ಲಾಸ್ಟರ್ ಬಿಟ್ಟುಕೊಳ್ಳುತ್ತದೆ. ತಾಯಿ ಮಗ್ಗುಲು ಬದಲಿಸಿದಾಗ ಕೆಥೆಟರ್ ಎರಡು ಸೆಂ.ಮೀ. ಹೊರಬಂದಿದ್ದು ಯಾರಿಗೂ ಗೊತ್ತಾಗದೆ ಹೋಗಬಹುದು. ಓಟಿ ಮೇಜಿಗೆ ಹಾಕುವ ಮೊದಲು ಬೆನ್ನು ತಿರುಗಿಸಿ ಆ ಅಂಕಿಯನ್ನು ಕಣ್ಣಾರೆ ನೋಡಿ.

ಸಮಯ ಕಡಿಮೆ ಇದ್ದಾಗ: ಲಿಗ್ನೊಕೇನ್ ಮಿಶ್ರಣ

ತುರ್ತು ಸಿಸೇರಿಯನ್‌ಗೆ ಹೆಚ್ಚಿನವರು ನೆಚ್ಚುವುದು ಇದನ್ನೇ:

ಶೇ. 2 ಲಿಗ್ನೊಕೇನ್, ಪ್ರಿಸರ್ವೇಟಿವ್ ಇಲ್ಲದ್ದು: 20 ಮಿ.ಲೀ.
ಅಡ್ರಿನಲಿನ್, ಮಿ.ಲೀ.ಗೆ 1 ಮಿ.ಗ್ರಾಂ ಇರುವ ಆಂಪ್ಯೂಲ್‌ನಿಂದ: 0.1 ಮಿ.ಲೀ.
ಶೇ. 8.4 ಸೋಡಿಯಂ ಬೈಕಾರ್ಬನೇಟ್: 2 ಮಿ.ಲೀ.
ಬೇರೆ ಸಿರಿಂಜಿನಲ್ಲಿ ಫೆಂಟನಿಲ್: 50ರಿಂದ 100 ಮೈಕ್ರೋಗ್ರಾಂ

ನಮ್ಮಲ್ಲಿ ಬೈಕಾರ್ಬನೇಟ್ ಆಂಪ್ಯೂಲ್ ಶೇ. 7.5ರದ್ದೂ ಬರುತ್ತದೆ. ವ್ಯತ್ಯಾಸ ಸಣ್ಣದು, ಅದೇ 2 ಮಿ.ಲೀ. ಹಾಕಬಹುದು. ಬೈಕಾರ್ಬನೇಟ್ ಮದ್ದಿನ ಆಮ್ಲತೆಯನ್ನು ತಗ್ಗಿಸುತ್ತದೆ. ಆಗ ಲಿಗ್ನೊಕೇನ್‌ನ ಹೆಚ್ಚು ಭಾಗ ನರದ ಪೊರೆಯನ್ನು ದಾಟುವ ರೂಪಕ್ಕೆ ಬಂದು ಬ್ಲಾಕ್, ಅಂದರೆ ಮರಗಟ್ಟುವಿಕೆ, ಬೇಗ ಹಿಡಿಯುತ್ತದೆ. ಅಡ್ರಿನಲಿನ್ ಸುತ್ತಲಿನ ರಕ್ತನಾಳಗಳನ್ನು ಬಿಗಿ ಮಾಡಿ ಮದ್ದು ಅಲ್ಲೇ ಹೆಚ್ಚು ಹೊತ್ತು ನಿಲ್ಲುವಂತೆ ಮಾಡುತ್ತದೆ. ರಕ್ತಕ್ಕೆ ಸೇರುವ ವೇಗವೂ ತಗ್ಗುತ್ತದೆ.

ಬೆರೆಸುವಾಗ ಕ್ರಮ ಮುಖ್ಯ. ಮೊದಲು ಲಿಗ್ನೊಕೇನ್, ಆಮೇಲೆ ಅಡ್ರಿನಲಿನ್, ಕೊಡುವ ಮುಂಚೆ ಕೊನೆಯಲ್ಲಿ ಬೈಕಾರ್ಬನೇಟ್. ಕ್ಷಾರದಲ್ಲಿ ಅಡ್ರಿನಲಿನ್ ಹೆಚ್ಚು ಹೊತ್ತು ಉಳಿಯುವುದಿಲ್ಲ, ಆದ್ದರಿಂದ ಬೆಳಿಗ್ಗೆ ಬೆರೆಸಿಟ್ಟು ಸಂಜೆ ಬಳಸುವ ಮಿಶ್ರಣ ಇದಲ್ಲ. ಅಡ್ರಿನಲಿನ್‌ಗೆ ಒಂದು ಮಿ.ಲೀ. ಸಿರಿಂಜನ್ನೇ ಬಳಸಿ. 0.1 ಮಿ.ಲೀ. ಬದಲು ಪೂರ್ತಿ ಆಂಪ್ಯೂಲ್ ಸುರಿದರೆ ಹತ್ತು ಪಟ್ಟಾಗುತ್ತದೆ. ಅಳತೆ ಸರಿಯಿದ್ದರೆ ಮಿ.ಲೀ.ಗೆ ಸುಮಾರು 5 ಮೈಕ್ರೋಗ್ರಾಂ ಬರುತ್ತದೆ, ಅದನ್ನೇ 2 ಲಕ್ಷಕ್ಕೆ 1 ಅನ್ನುವುದು. ಅಡ್ರಿನಲಿನ್ ಬೆರೆಸಿಯೇ ಬರುವ ಲಿಗ್ನೊಕೇನ್ ವಯಲ್ ಇದ್ದರೆ ಲೇಬಲ್ ಓದಿ. ಹಲವು ಬಾರಿ ಬಳಸುವ ವಯಲ್‌ಗಳಲ್ಲಿ ಪ್ರಿಸರ್ವೇಟಿವ್ ಇರುತ್ತದೆ, ಅವು ಎಪಿಡ್ಯೂರಲ್‌ಗೆ ಬೇಡ.

ಬೆರೆಸಿದ ಮೇಲೆ ಒಟ್ಟು 22 ಮಿ.ಲೀ., ಪ್ರತಿ ಮಿ.ಲೀ.ನಲ್ಲಿ ಸುಮಾರು 18 ಮಿ.ಗ್ರಾಂ ಲಿಗ್ನೊಕೇನ್. ಅಡ್ರಿನಲಿನ್ ಇದ್ದಾಗ ಗರಿಷ್ಠ ಮಿತಿ ಕೆ.ಜಿ.ಗೆ 7 ಮಿ.ಗ್ರಾಂ. 55 ಕೆ.ಜಿ. ತೂಕದವರಿಗೆ 385 ಮಿ.ಗ್ರಾಂ, ಅಂದರೆ 21 ಮಿ.ಲೀ. ತನಕ ಜಾಗವಿದೆ. 45 ಕೆ.ಜಿ.ಯವರಿಗೆ 315 ಮಿ.ಗ್ರಾಂ, 17 ಮಿ.ಲೀ.ಗೆ ನಿಲ್ಲಬೇಕು. ತೋಟದ ಲೈನ್‌ಮನೆಗಳಿಂದ, ಹಾಡಿಗಳಿಂದ ಬರುವ ತಾಯಂದಿರಲ್ಲಿ ರಕ್ತಹೀನತೆಯ ಜೊತೆ ಸಣ್ಣ ಮೈಕಟ್ಟಿನವರೂ ಇರುತ್ತಾರೆ. ಎಲ್ಲರಿಗೂ 20 ಮಿ.ಲೀ. ಅನ್ನುವ ರೂಢಿ ಅವರ ಪಾಲಿಗೆ ಅಪಾಯ. ತೂಕ ಅಂದಾಜು ಮಾಡಬೇಡಿ, ಅಳೆಯಿರಿ.

ಫೆಂಟನಿಲ್ ಬಿಡಬೇಡಿ. ಚರ್ಮ ಕೊಯ್ಯುವಾಗ ಏನೂ ಗೊತ್ತಾಗದೆ ಇದ್ದ ತಾಯಿ, ಗರ್ಭಕೋಶವನ್ನು ಹೊರಗೆ ತೆಗೆದಾಗ ಅಥವಾ ಪೆರಿಟೋನಿಯಂ (ಹೊಟ್ಟೆಯ ಒಳಪೊರೆ) ಎಳೆದಾಗ ಒದ್ದಾಡುವುದುಂಟು. ಆ ಒಳ ನೋವನ್ನು ಸ್ಥಳೀಯ ಅರಿವಳಿಕೆ ಒಂದೇ ಪೂರ್ತಿ ತಡೆಯುವುದಿಲ್ಲ. ಫೆಂಟನಿಲ್ ಅಲ್ಲಿ ನೆರವಿಗೆ ಬರುತ್ತದೆ. ಅದು ಹಿಡಿಯಲು ಐದು ಹತ್ತು ನಿಮಿಷ ಬೇಕು. ಹಾಗಾಗಿ ನೋವು ಶುರುವಾದ ಮೇಲಲ್ಲ, ಮೊದಲ ಡೋಸ್‌ಗಳ ಜೊತೆಗೇ ಕೊಡಿ.

ಅವಸರ ಇಲ್ಲದಾಗ

ಶೇ. 0.5 ಬುಪಿವಕೇನ್ 15ರಿಂದ 20 ಮಿ.ಲೀ., ಜೊತೆಗೆ ಫೆಂಟನಿಲ್ 50 ಮೈಕ್ರೋಗ್ರಾಂ. ಬ್ಲಾಕ್ ಗಟ್ಟಿಯಾಗಿ ಹಿಡಿಯುತ್ತದೆ, ಬಹಳ ಹೊತ್ತು ಇರುತ್ತದೆ. ಆದರೆ 20 ನಿಮಿಷ ಅಥವಾ ಇನ್ನೂ ಹೆಚ್ಚು ಕಾಯಬೇಕು. ಮಿತಿ ಕೆ.ಜಿ.ಗೆ 2 ಮಿ.ಗ್ರಾಂ. 50 ಕೆ.ಜಿ.ಯವರಿಗೆ 100 ಮಿ.ಗ್ರಾಂ, ಅಂದರೆ 20 ಮಿ.ಲೀ.ಗೆ ಮುಗಿಯಿತು. ಹೆರಿಗೆ ಕೋಣೆಯಲ್ಲಿ ಗಂಟೆಗೆ 10 ಮಿ.ಲೀ.ನಂತೆ ನಾಲ್ಕು ಗಂಟೆ ಶೇ. 0.1 ಓಡಿದ್ದರೆ 40 ಮಿ.ಗ್ರಾಂ ಆಗಲೇ ಹೋಗಿದೆ. ಅದರಲ್ಲಿ ಒಂದಿಷ್ಟು ದೇಹ ಕರಗಿಸಿರುತ್ತದೆ ನಿಜ, ಆದರೂ ಕೊನೆಯ ಎರಡು ಗಂಟೆಯ ಲೆಕ್ಕವನ್ನು ಬಿಟ್ಟು ಹೊಸ ಡೋಸ್ ಕೂಡಿಸಬಾರದು.

ಬುಪಿವಕೇನ್‌ಗೆ ಬೈಕಾರ್ಬನೇಟ್ ಬೆರೆಸಬೇಡಿ. ಲಿಗ್ನೊಕೇನ್‌ಗೆ ಹಾಕುವ ಪ್ರಮಾಣದಲ್ಲಿ ಹಾಕಿದರೆ ಮದ್ದು ಹರಳುಗಟ್ಟಿ ಸಿರಿಂಜ್ ಮಬ್ಬಾಗುತ್ತದೆ. ಮಬ್ಬು ಕಂಡ ಸಿರಿಂಜ್ ಯಾವ ಮದ್ದಿನದಾದರೂ ಎಸೆಯಬೇಕು. ಶೇ. 0.75 ಬುಪಿವಕೇನ್ ಹೆರಿಗೆ ವಿಭಾಗಕ್ಕೆ ಬೇಡವೇ ಬೇಡ. ಹೃದಯ ನಿಂತು ತಾಯಂದಿರು ಸತ್ತ ಪ್ರಕರಣಗಳ ನಂತರ ಅಮೆರಿಕದಲ್ಲಿ 1984ರಲ್ಲೇ ಹೆರಿಗೆಯಲ್ಲಿ ಅದರ ಬಳಕೆ ನಿಲ್ಲಿಸಲಾಯಿತು.

ಶೇ. 0.75 ರೋಪಿವಕೇನ್ ಬೇರೆ ಮದ್ದು, ಅದನ್ನು 15ರಿಂದ 20 ಮಿ.ಲೀ. ಕೊಡಬಹುದು. ಮಿತಿ ಕೆ.ಜಿ.ಗೆ 3 ಮಿ.ಗ್ರಾಂ. ಹೃದಯಕ್ಕೆ ಬುಪಿವಕೇನ್‌ಗಿಂತ ಸೌಮ್ಯ, ಬೆಲೆ ಹೆಚ್ಚು.

ಲಿಗ್ನೊಕೇನ್ ಮತ್ತು ಬುಪಿವಕೇನ್ ಅರ್ಧಂಬರ್ಧ ಸೇರಿಸಿದರೆ ಬೇಗ ಹಿಡಿದು ತಡವಾಗಿ ಬಿಡುತ್ತದೆ ಅನ್ನುವ ನಂಬಿಕೆ ಇದೆ. ಸೇರಿಸಿದಾಗ ಎರಡೂ ತೆಳುವಾಗುತ್ತವೆ, ವಿಷಪರಿಣಾಮ ಮಾತ್ರ ಕೂಡುತ್ತದೆ. ಒಂದೇ ಮದ್ದನ್ನು ಸರಿಯಾದ ಪ್ರಮಾಣದಲ್ಲಿ ಕೊಡುವುದೇ ಮೇಲು.

ಮೈಟ್ರಲ್ ಕವಾಟ ಕಿರಿದಾದವರಿಗೆ ಅಡ್ರಿನಲಿನ್ ಬೇಡ. ನಾಡಿ ಏರಿದರೆ ಅವರ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅವರಿಗೆ 3ರಿಂದ 5 ಮಿ.ಲೀ.ನಂತೆ ನಿಧಾನವಾಗಿ ಏರಿಸಿ. ಪ್ರಿಎಕ್ಲಾಂಪ್ಸಿಯಾ (ಗರ್ಭಿಣಿಯರ ಬಿಪಿ ಏರುವ ಕಾಯಿಲೆ) ಇರುವವರಲ್ಲಿ ಕೆಥೆಟರ್ ಹಾಕುವ ಮೊದಲು ಅದೇ ದಿನದ ಪ್ಲೇಟ್‌ಲೆಟ್ ಎಣಿಕೆ ಬೇಕು. 70 ಸಾವಿರಕ್ಕಿಂತ ಕೆಳಗಿದ್ದರೆ, ಅಥವಾ ಬೆಳಿಗ್ಗೆಯಿಂದ ಸಂಜೆಗೆ ಸರಸರನೆ ಇಳಿಯುತ್ತಿದ್ದರೆ, ಬೆನ್ನಿಗೆ ಸೂಜಿ ಹಾಕುವ ಮುನ್ನ ಹಿರಿಯರೊಬ್ಬರ ಜೊತೆ ಮಾತಾಡಿ.

ಕೊಡುವ ಕ್ರಮ

ಓಟಿ ಮೇಜಿನ ಮೇಲೆ, ಎಡಕ್ಕೆ 15 ಡಿಗ್ರಿ ವಾಲಿಸಿ, ಬಿಪಿ ಯಂತ್ರ ಪ್ರತಿ ನಿಮಿಷಕ್ಕೆ ಓದುವ ಹಾಗೆ ಇಟ್ಟು ಶುರು ಮಾಡಿ. ಹೆರಿಗೆ ಕೋಣೆಯಲ್ಲೇ ಪೂರ್ತಿ ಡೋಸ್ ಕೊಟ್ಟು ಟ್ರಾಲಿಯಲ್ಲಿ ತಳ್ಳಿಕೊಂಡು ಬರುವುದು ಬೇಡ. ಕಾರಿಡಾರ್‌ನಲ್ಲಿ ಬಿಪಿ ಬಿದ್ದರೆ ನೋಡುವವರಿರುವುದಿಲ್ಲ.

ಮೊದಲು ಹಿಂದಕ್ಕೆ ಎಳೆದು ನೋಡಿ: ರಕ್ತ ಬಂತೇ, ನೀರು ಬಂತೇ. ಏನೂ ಬಾರದಿದ್ದರೆ 3 ಮಿ.ಲೀ. ಟೆಸ್ಟ್ ಡೋಸ್. ಅದರಲ್ಲಿ 15 ಮೈಕ್ರೋಗ್ರಾಂ ಅಡ್ರಿನಲಿನ್ ಇರುತ್ತದೆ (ಮೈಟ್ರಲ್ ಕವಾಟ ಕಿರಿದಾದವರಿಗೆ ಅಡ್ರಿನಲಿನ್ ಇಲ್ಲದ್ದು). ಕೆಥೆಟರ್ ರಕ್ತನಾಳದಲ್ಲಿದ್ದರೆ ಒಂದು ನಿಮಿಷದೊಳಗೆ ನಾಡಿ 20ಕ್ಕಿಂತ ಹೆಚ್ಚು ಏರುತ್ತದೆ. ಹೆರಿಗೆ ನೋವು ಬಂದಾಗಲೂ ನಾಡಿ ಏರುವುದರಿಂದ ಎರಡು ನೋವುಗಳ ನಡುವೆ ಕೊಡಿ. ಮೂರರಿಂದ ಐದು ನಿಮಿಷದಲ್ಲಿ ಕಾಲು ಎತ್ತಲು ಆಗದಷ್ಟು ಭಾರವಾದರೆ ಮದ್ದು ಸ್ಪೈನಲ್ ಜಾಗಕ್ಕೆ ಹೋಗಿದೆ ಅಂತ ಅರ್ಥ. ಅಲ್ಲಿಗೆ ನಿಲ್ಲಿಸಿ.

ಆಮೇಲೆ ಸಲಕ್ಕೆ 5 ಮಿ.ಲೀ., ಪ್ರತಿ ಸಲವೂ ಹಿಂದಕ್ಕೆ ಎಳೆದು ನೋಡಿ. ಲಿಗ್ನೊಕೇನ್ ಆದರೆ ಎರಡು ಮೂರು ನಿಮಿಷದ ಅಂತರ, ಬುಪಿವಕೇನ್ ಆದರೆ ಐದು ನಿಮಿಷ. ಪ್ರತಿ ಡೋಸ್ ನಂತರ ತಾಯಿಯ ಜೊತೆ ಮಾತಾಡುತ್ತಿರಿ. ಕಿವಿಯಲ್ಲಿ ಗುಂಯ್ ಅನ್ನುವುದು, ಬಾಯಿ ಸುತ್ತ ಜುಮ್ ಅನ್ನುವುದು, ನಾಲಿಗೆಗೆ ಲೋಹದ ರುಚಿ, ಮಾತು ತೊದಲುವುದು: ಇವು ಮದ್ದು ರಕ್ತಕ್ಕೆ ಹೋಗುತ್ತಿರುವ ಮೊದಲ ಸೂಚನೆಗಳು.

ಬ್ಲಾಕ್ ಪರೀಕ್ಷೆ

ಕೊಯ್ಯುವ ಮೊದಲು ತಣ್ಣನೆಯ ಅರಿವು ಎರಡೂ ಬದಿ ಟಿ4 (ಎದೆಯ ನಾಲ್ಕನೆಯ ನರದ ಮಟ್ಟ) ತನಕ, ಅಂದರೆ ಮೊಲೆತೊಟ್ಟಿನ ಮಟ್ಟದ ತನಕ ಇಲ್ಲವಾಗಿರಬೇಕು. ಹಗುರ ಸ್ಪರ್ಶ ಟಿ5 ತನಕ. ಹೊಕ್ಕುಳ ಟಿ10, ಅಲ್ಲಿಗೆ ಮರಗಟ್ಟಿದೆ ಅಂತ ಕತ್ತರಿ ಹಿಡಿಯಬಾರದು. ಕೆಳಗಿನ ಭಾಗವನ್ನೂ ನೋಡಿ, ಪಾದದ ಹೊರಅಂಚು ಮತ್ತು ತೊಡೆಯ ಹಿಂಭಾಗ. ಎಪಿಡ್ಯೂರಲ್‌ನಲ್ಲಿ ಮೇಲೆ ಚೆನ್ನಾಗಿ ಹಿಡಿದು ಸೇಕ್ರಲ್ ನರಗಳು (ಬೆನ್ನಿನ ಕೊನೆಯ ಭಾಗದವು) ಬಿಟ್ಟುಹೋಗುವುದು ಸಾಮಾನ್ಯ.

ಮಡಿಕೇರಿಯ ಆಷಾಢದ ಚಳಿಯಲ್ಲಿ ಸ್ಪಿರಿಟ್ ಹತ್ತಿ ಹಿಡಿದು ಪರೀಕ್ಷಿಸಿದರೆ ಮೋಸಹೋಗಬಹುದು. ಓಟಿಯೇ ತಣ್ಣಗಿರುತ್ತದೆ, ಮೈ ನಡುಗುತ್ತಿರುತ್ತದೆ, ತಾಯಿ ಎಲ್ಲಿ ಮುಟ್ಟಿದರೂ "ತಣ್ಣಗಿದೆ" ಅನ್ನುತ್ತಾಳೆ. ಸ್ಪಿರಿಟ್ ಬದಲು ಐಸ್ ಬಳಸಿ. ಮೊದಲು ಕೆನ್ನೆಗೆ ತಾಗಿಸಿ, ಆಮೇಲೆ ಹೊಟ್ಟೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಬನ್ನಿ. "ಕೆನ್ನೆಗೆ ತಾಗಿದಷ್ಟೇ ತಣ್ಣಗಿದೆಯಾ ಅಮ್ಮಾ, ಕಡಿಮೆಯಾ?" ಅಂತ ಕೇಳಿ. "ನೋವಾಗುತ್ತಾ?" ಅಂತ ಕೇಳಿದರೆ ಡಾಕ್ಟರಿಗೆ ಬೇಜಾರಾಗಬಾರದು ಅಂತ ಇಲ್ಲ ಅನ್ನುವವರೇ ಹೆಚ್ಚು. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವ ಮಾತಾಡುವ ತಾಯಂದಿರು ಇಲ್ಲಿ ದಿನವೂ ಬರುತ್ತಾರೆ. ಆ ಮಾತು ಬಲ್ಲ ಆಯಾ ಅಥವಾ ಸಿಸ್ಟರ್ ತಲೆಯ ಬಳಿ ನಿಂತಿದ್ದರೆ ಪರೀಕ್ಷೆಗೂ ಒಪ್ಪಿಗೆಗೂ ಅರ್ಥ ಬರುತ್ತದೆ. ನೋಡಿದ ಮಟ್ಟವನ್ನು ಸಮಯದ ಜೊತೆ ಬರೆದಿಡಿ.

ಬಿಪಿ ಇಳಿದರೆ

ಇಳಿಯಲಿ ಆಮೇಲೆ ನೋಡೋಣ ಅನ್ನಬೇಡಿ. ಮೊದಲ ಡೋಸ್ ಜೊತೆಗೇ 500 ಮಿ.ಲೀ.ನಿಂದ ಒಂದು ಲೀಟರ್ ರಿಂಗರ್ ಲ್ಯಾಕ್ಟೇಟ್ ಓಡಲಿ, ಬೆಚ್ಚಗೆ ಮಾಡಿದ್ದು ಇದ್ದರೆ ನಡುಕವೂ ಕಡಿಮೆ. ಪ್ರಿಎಕ್ಲಾಂಪ್ಸಿಯಾ, ಹೃದಯದ ಕಾಯಿಲೆ ಇದ್ದರೆ ದ್ರವ ಮಿತಿಯಲ್ಲಿರಲಿ. ಬಿಪಿ ಏರಿಸುವ ಫೀನೈಲೆಫ್ರಿನ್ 10 ಮಿ.ಗ್ರಾಂ ಆಂಪ್ಯೂಲನ್ನು 100 ಮಿ.ಲೀ. ಸಲೈನ್‌ಗೆ ಹಾಕಿದರೆ ಮಿ.ಲೀ.ಗೆ 100 ಮೈಕ್ರೋಗ್ರಾಂ ಆಗುತ್ತದೆ. ಸಲಕ್ಕೆ ಅರ್ಧದಿಂದ ಒಂದು ಮಿ.ಲೀ. ನಾಡಿ 60ಕ್ಕಿಂತ ಕೆಳಗಿದ್ದು ಬಿಪಿಯೂ ಕಡಿಮೆ ಇದ್ದರೆ ಎಫಿಡ್ರಿನ್ 6 ಮಿ.ಗ್ರಾಂ ಅಥವಾ ಮೆಫೆಂಟರ್ಮಿನ್ 3ರಿಂದ 6 ಮಿ.ಗ್ರಾಂ. ವಾಕರಿಕೆ ಬಂತು ಅಂದರೆ ವಾಂತಿ ಮದ್ದಿಗೆ ಮುಂಚೆ ಬಿಪಿ ನೋಡಿ. ಮಗು ಹೊರಬಂದ ಮೇಲೆ ಆಕ್ಸಿಟೋಸಿನ್ ಒಮ್ಮೆಲೇ 10 ಯೂನಿಟ್ ತಳ್ಳಬೇಡಿ, ಆಗಲೂ ಬಿಪಿ ಬೀಳುತ್ತದೆ. 1ರಿಂದ 3 ಯೂನಿಟ್ ನಿಧಾನವಾಗಿ, ಉಳಿದದ್ದು ಡ್ರಿಪ್‌ನಲ್ಲಿ.

ಬ್ಲಾಕ್ ಸಾಕಾಗದಿದ್ದರೆ

ಪೂರ್ತಿ ಡೋಸ್ ಹೋಗಿ 15 ನಿಮಿಷವಾದರೂ ಎರಡೂ ಬದಿ ಎದೆಯ ಮಟ್ಟಕ್ಕೆ ಏರದಿದ್ದರೆ ಮತ್ತೆ ಮದ್ದು ಸುರಿಯಬೇಡಿ. ಮಿತಿ ಮುಗಿದಿರುತ್ತದೆ, ಕೆಥೆಟರ್ ತಪ್ಪು ಜಾಗದಲ್ಲಿರುತ್ತದೆ.

ಸಮಯವಿದ್ದರೆ ಸ್ಪೈನಲ್ ಕೊಡಬಹುದು, ಆದರೆ ಎಂದಿನ ಡೋಸ್ ಅಲ್ಲ. ಎಪಿಡ್ಯೂರಲ್ ಜಾಗದಲ್ಲಿ ಆಗಲೇ 20 ಮಿ.ಲೀ. ದ್ರವ ತುಂಬಿರುವುದರಿಂದ ಸ್ಪೈನಲ್ ಮದ್ದು ಅನಿರೀಕ್ಷಿತವಾಗಿ ಮೇಲಕ್ಕೆ ಏರುತ್ತದೆ. ಹೆವಿ ಬುಪಿವಕೇನ್ ಸಾಮಾನ್ಯವಾಗಿ 2 ಮಿ.ಲೀ. ಕೊಡುವವರು ಇಲ್ಲಿ 1.4ರಿಂದ 1.6ಕ್ಕೆ ಇಳಿಸಿ. ಕೈಬೆರಳಿನ ಹಿಡಿತ ಸಡಿಲವಾದರೆ, ದನಿ ಪಿಸುಮಾತಾದರೆ, ಉಸಿರು ಎಳೆಯಲಾಗುತ್ತಿಲ್ಲ ಅಂದರೆ ಬ್ಲಾಕ್ ಕುತ್ತಿಗೆಗೆ ಬಂದಿದೆ. ಆಮ್ಲಜನಕ, ಬಿಪಿ ಮದ್ದು, ಟ್ಯೂಬ್ ಹಾಕುವ ಸಿದ್ಧತೆ ಆ ಕ್ಷಣಕ್ಕೆ ಕೈಗೆಟುಕುವಲ್ಲಿ ಇರಬೇಕು. ಟ್ಯೂಬ್ ಹಾಕಲು ಸ್ನಾಯು ಸಡಿಲಿಸುವ ಸಕ್ಸಮೆಥೋನಿಯಂ ಫ್ರಿಜ್‌ನಲ್ಲಿಡುವ ಮದ್ದು. ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಕೈಕೊಟ್ಟಾಗ ಅದರ ಬಲ ಕುಗ್ಗುತ್ತದೆ. ಫ್ರಿಜ್‌ಗೆ ಜನರೇಟರ್ ಲೈನ್ ಇದೆಯಾ ಅಂತ ಮೇ ತಿಂಗಳಲ್ಲೇ ನೋಡಿಕೊಳ್ಳಿ.

ಕೊಯ್ದ ಮೇಲೆ ನೋವು ಬಂತು ಅಂದರೆ ತಾಯಿ ಹೇಳಿದ್ದನ್ನು ನಂಬಿ. ಸರ್ಜನ್‌ಗೆ ನಿಲ್ಲಿಸಲು ಹೇಳಿ. ಜನರಲ್ ಅನಸ್ತೇಷಿಯಾ ಬೇಕಾ ಅಂತ ಆಕೆಯನ್ನೇ ಕೇಳಿ, ಬೇಕು ಅಂದರೆ ಕೊಡಿ. ಕೈಕಾಲು ಹಿಡಿದುಕೊಂಡು ಮುಂದುವರಿಸುವುದು ಚಿಕಿತ್ಸೆಯಲ್ಲ.

ಮದ್ದು ರಕ್ತಕ್ಕೆ ಸೇರಿ ಫಿಟ್ಸ್ ಬಂದರೆ

ಮದ್ದು ಕೊಡುವುದನ್ನು ನಿಲ್ಲಿಸಿ, ಶೇ. 100 ಆಮ್ಲಜನಕ, ಫಿಟ್ಸ್‌ಗೆ ಮಿಡಜೋಲಂ. ಜೊತೆಜೊತೆಗೇ ಶೇ. 20 ಲಿಪಿಡ್ ಎಮಲ್ಷನ್ (ಕೊಬ್ಬಿನ ದ್ರಾವಣ) ಕೆ.ಜಿ.ಗೆ 1.5 ಮಿ.ಲೀ., ಎರಡು ಮೂರು ನಿಮಿಷದಲ್ಲಿ. 50 ಕೆ.ಜಿ.ಗೆ 75 ಮಿ.ಲೀ. ಆಮೇಲೆ ಕೆ.ಜಿ.ಗೆ ನಿಮಿಷಕ್ಕೆ 0.25 ಮಿ.ಲೀ., ಅಂದರೆ 12.5 ಮಿ.ಲೀ. ಈ ಲೆಕ್ಕದಲ್ಲಿ 250 ಮಿ.ಲೀ. ಬಾಟಲಿಯಲ್ಲಿ ಉಳಿದದ್ದು 14 ನಿಮಿಷಕ್ಕೆ ಖಾಲಿ. ಎರಡು ಬಾಟಲಿ ಓಟಿಯಲ್ಲೇ ಇರಬೇಕು, ಬೀಗ ಹಾಕಿದ ಫಾರ್ಮಸಿಯಲ್ಲಲ್ಲ. ಒಟ್ಟು ಮಿತಿ ಕೆ.ಜಿ.ಗೆ 12 ಮಿ.ಲೀ. ಹೃದಯ ನಿಂತರೆ ಗರ್ಭಕೋಶವನ್ನು ಕೈಯಿಂದ ಎಡಕ್ಕೆ ಸರಿಸಿ ಎದೆ ಒತ್ತಿ. ಅಡ್ರಿನಲಿನ್ ಸಣ್ಣ ಪ್ರಮಾಣದಲ್ಲಿ, ಕೆ.ಜಿ.ಗೆ 1 ಮೈಕ್ರೋಗ್ರಾಂ ಮೀರದಂತೆ. ನಾಲ್ಕು ನಿಮಿಷದಲ್ಲಿ ಹೃದಯ ಮರಳದಿದ್ದರೆ ಐದನೆಯ ನಿಮಿಷದೊಳಗೆ ಮಗು ಹೊರಬರಬೇಕು.

ಟ್ರೇಯಲ್ಲಿ ಆಗುವ ತಪ್ಪು

ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಆಂಪ್ಯೂಲನ್ನು ಬುಪಿವಕೇನ್ ಅಂದುಕೊಂಡು ಬೆನ್ನಿಗೆ ಕೊಟ್ಟು ತಾಯಂದಿರು ಸತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ಎರಡೂ ಬಣ್ಣವಿಲ್ಲದ ಸಣ್ಣ ಆಂಪ್ಯೂಲ್, ಎರಡೂ ಸಿಸೇರಿಯನ್ ಟ್ರೇಗೆ ಬರುತ್ತವೆ. ಟ್ರಾನೆಕ್ಸಾಮಿಕ್ ಆಸಿಡನ್ನು ಅರಿವಳಿಕೆ ಟ್ರಾಲಿಯಲ್ಲೇ ಇಡಬೇಡಿ, ರಕ್ತಸ್ರಾವದ ಪೆಟ್ಟಿಗೆಗೆ ಸಾಗಿಸಿ. ಆಂಪ್ಯೂಲ್ ಮುರಿಯುವವರು ಹೆಸರು, ಶೇಕಡಾವಾರು ಗಟ್ಟಿಯಾಗಿ ಓದಲಿ, ಎಳೆದುಕೊಳ್ಳುವವರು ಮತ್ತೆ ಓದಲಿ. ಎಪಿಡ್ಯೂರಲ್ ಸಿರಿಂಜಿಗೂ ಕೆಥೆಟರ್ ತುದಿಗೂ ಹಳದಿ ಲೇಬಲ್.

ತಾಲೂಕು ಆಸ್ಪತ್ರೆಯಿಂದ ಕೆಥೆಟರ್ ಸಮೇತ ಮಡಿಕೇರಿಗೋ ಮೈಸೂರಿಗೋ ಕಳಿಸಬೇಕಾದರೆ ಪಂಪ್ ನಿಲ್ಲಿಸಿ, ತುದಿಗೆ ಮುಚ್ಚಳ ಹಾಕಿ ಕಳಿಸಿ. ಹೊರಡುವ ಮುನ್ನ ಗಟ್ಟಿ ಡೋಸ್ ಕೊಡಬೇಡಿ. ತಿರುವಿನ ರಸ್ತೆಯಲ್ಲಿ ಆಂಬುಲೆನ್ಸ್ ಒಳಗೆ ಬಿಪಿ ಬಿದ್ದರೆ ಮಗುವಿಗೂ ರಕ್ತ ಕಡಿಮೆಯಾಗುತ್ತದೆ. ಚೀಟಿಯಲ್ಲಿ ಕೊನೆಯ ಡೋಸ್ ಯಾವುದು, ಎಷ್ಟು ಗಂಟೆಗೆ, ಚರ್ಮದ ಬಳಿ ಎಷ್ಟು ಸೆಂ.ಮೀ. ಅಂತ ಬರೆಯಿರಿ.

ಆಪರೇಷನ್ ನಂತರ

ಪ್ರಿಸರ್ವೇಟಿವ್ ಇಲ್ಲದ ಮಾರ್ಫಿನ್ 2ರಿಂದ 3 ಮಿ.ಗ್ರಾಂ, 10 ಮಿ.ಲೀ. ಸಲೈನ್‌ನಲ್ಲಿ, ಮಗು ಹುಟ್ಟಿದ ಮೇಲೆ ಕೆಥೆಟರ್ ಮೂಲಕ ಕೊಟ್ಟರೆ ಒಂದು ದಿನದ ತನಕ ನೋವು ಹಿಡಿತದಲ್ಲಿರುತ್ತದೆ. ತುರಿಕೆ ಬರುತ್ತದೆ, ಮೊದಲೇ ತಾಯಿಗೆ ಹೇಳಿಡಿ. ಉಸಿರಾಟ ನಿಧಾನವಾಗುವುದು ಅಪರೂಪ, ಆದರೆ ಗಂಟೆಗಳ ನಂತರ, ಎಲ್ಲರೂ ಮಲಗಿರುವಾಗ ಬರುತ್ತದೆ. ಮೊದಲ 12 ಗಂಟೆ ಗಂಟೆಗೊಮ್ಮೆ, ಆಮೇಲೆ 24 ಗಂಟೆಯ ತನಕ ಎರಡು ಗಂಟೆಗೊಮ್ಮೆ ಉಸಿರು ಎಣಿಸಬೇಕು, ಎಷ್ಟು ಮಂಪರಿದೆ ನೋಡಬೇಕು. ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆಯಾದರೆ ಮಾರ್ಫಿನ್‌ನ ಪರಿಣಾಮ ತೆಗೆಯುವ ನ್ಯಾಲೊಕ್ಸೋನ್ 40ರಿಂದ 100 ಮೈಕ್ರೋಗ್ರಾಂ. ಅದರ ಪರಿಣಾಮ ಮಾರ್ಫಿನ್‌ಗಿಂತ ಬೇಗ ಮುಗಿಯುವುದರಿಂದ ಮತ್ತೆ ಕೊಡಬೇಕಾಗಬಹುದು. ರಾತ್ರಿ ಇಡೀ ವಾರ್ಡ್‌ಗೆ ಒಬ್ಬರೇ ಸಿಸ್ಟರ್ ಇರುವ ಕಡೆ ಈ ಮಾರ್ಫಿನ್ ಕೊಡದಿರುವುದೇ ಸರಿ. ಪ್ಯಾರಸಿಟಮಾಲ್ 1 ಗ್ರಾಂ ಆರು ಗಂಟೆಗೊಮ್ಮೆ ಮತ್ತು ಡೈಕ್ಲೋಫೆನಾಕ್ ಅಲ್ಲಿ ಸಾಕಾಗಿಸಬೇಕು. 50 ಕೆ.ಜಿ.ಗಿಂತ ಹಗುರ ಇದ್ದರೆ ಪ್ಯಾರಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ ಸಾಕು, ಮೂತ್ರಪಿಂಡದ ತೊಂದರೆ, ತೀವ್ರ ಪ್ರಿಎಕ್ಲಾಂಪ್ಸಿಯಾ ಇದ್ದವರಿಗೆ ಡೈಕ್ಲೋಫೆನಾಕ್ ಬೇಡ.

ಕೆಥೆಟರ್ ತೆಗೆಯುವಾಗ ಎನಾಕ್ಸಪರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮದ್ದು) ಗಡಿಯಾರವನ್ನು ನೋಡಿ: ತಡೆಗಟ್ಟುವ ಪ್ರಮಾಣದ ಡೋಸ್ ಆಗಿ 12 ಗಂಟೆ ಕಳೆದಿರಬೇಕು, ತೆಗೆದ ನಾಲ್ಕು ಗಂಟೆಯ ನಂತರವೇ ಮುಂದಿನ ಡೋಸ್. ತುದಿ ಪೂರ್ತಿ ಬಂತೇ ಅಂತ ನೋಡಿ ಬರೆಯಿರಿ.

ಕೊನೆಯ ಡೋಸ್ ಆಗಿ ನಾಲ್ಕು ಗಂಟೆಗೆ ತಾಯಿ ಮಂಡಿ ಮಡಿಸದೆ ಕಾಲು ಎತ್ತಲು ಆಗಬೇಕು. ಆಗದಿದ್ದರೆ, ಅಥವಾ ಸರಿಯಾಗಿದ್ದ ಕಾಲು ಮತ್ತೆ ಸೋತರೆ, ಬೆನ್ನು ನೋವು ಜೋರಾದರೆ, ಸಿಸ್ಟರ್ ನೇರವಾಗಿ ಅರಿವಳಿಕೆ ವೈದ್ಯರಿಗೆ ಫೋನ್ ಮಾಡಬೇಕು. ಬೆಳಿಗ್ಗೆ ರೌಂಡ್ಸ್ ತನಕ ಕಾಯುವ ವಿಷಯವಲ್ಲ. ಬೆನ್ನುಹುರಿಯ ಬಳಿ ರಕ್ತ ಹೆಪ್ಪುಗಟ್ಟಿದ್ದರೆ ಲಕ್ಷಣ ಶುರುವಾದ ಎಂಟು ಗಂಟೆಯೊಳಗೆ ಅದನ್ನು ತೆಗೆದರೆ ಕಾಲು ಮರಳುವ ಸಾಧ್ಯತೆ ಚೆನ್ನಾಗಿರುತ್ತದೆ. ಎಂಆರ್‌ಐ ಮಾಡಿಸುವುದು, ನರ ಶಸ್ತ್ರಚಿಕಿತ್ಸಕರನ್ನು ಮುಟ್ಟುವುದು, ಮೈಸೂರಿಗಾದರೆ ಮಡಿಕೇರಿಯಿಂದ ಸುಮಾರು 120 ಕಿ.ಮೀ. ಪ್ರಯಾಣ, ಎಲ್ಲವೂ ಆ ಎಂಟು ಗಂಟೆಯ ಒಳಗೇ ಮುಗಿಯಬೇಕು.